ಮಾವ ಸರಿಸದ ದೋಣಿ

ನನ್ನ ಮಾವ ಮರದ ದೋಣಿ ರಿಪೇರಿ ಮಾಡುವವರು. ಯಾರಿಗೂ ಎದುರಾಡಿದವರಲ್ಲ. ಅಂಥವರನ್ನು ನಿನ್ನೆ ಕೋರ್ಟಿನಿಂದ ನೇರವಾಗಿ ಜೈಲಿಗೆ ಕರೆದೊಯ್ದರು.

ಹೊಳೆಯ ದಡದ ಓಣಿಯಲ್ಲಿ ಅವರು ರಿಪೇರಿಗೆಂದು ನಿಲ್ಲಿಸಿಕೊಂಡಿದ್ದ ದೋಣಿ ದಾರಿಗೆ ಅಡ್ಡವಾಗಿದೆಯೆಂದು ಪಕ್ಕದ ಗೋದಾಮಿನವರು ಕೇಸು ಹಾಕಿದ್ದರು. ಏಳು ದಿನದೊಳಗೆ ತೆಗೆಯಿರಿ ಎಂದು ಆದೇಶ ಬಂತು. ಓಣಿ ಇಕ್ಕಟ್ಟು, ದೋಣಿ ಹೊರಬೀಳಲು ನೀರೊಂದೇ ದಾರಿ. ನಾನು ಆದೇಶವನ್ನು ಫ್ರಿಜ್ಜಿಗೆ ಅಂಟಿಸಿ ದಿನಗಳನ್ನು ಎಣಿಸಿದೆ. ಮಾವ ಬೆಳಿಗ್ಗೆ ಸಂಜೆ ದೋಣಿಯೊಳಗೆ ಕೊಡಗಟ್ಟಲೆ ನೀರು ಸುರಿದರು.

“ಮಾವ, ಸರಿಸಿ ಅಂದ್ರೆ ಸ್ನಾನ ಮಾಡಿಸ್ತಾ ಇದ್ದೀರಲ್ಲ!”

“ಬಿಸಿಲಿಗೆ ಒಣಗಿ ಹಲಗೆಗಳು ಸಂದು ಬಿಟ್ಟಿವೆ ಮಗಳೇ. ನೀರು ಕುಡಿದು ಉಬ್ಬಿದ ಮೇಲೇ ಕೂಡ್ಕೊಳ್ಳೋದು. ಈಗ ಇಳಿಸಿದ್ರೆ ಕಲ್ಲಿನ ಹಾಗೆ ಮುಳುಗುತ್ತೆ. ತಿಂಗಳು ಬೇಕು.”

“ಅದನ್ನೇ ಕೋರ್ಟಿಗೆ ಬರೆದುಕೊಡಿ, ದಮ್ಮಯ್ಯ!”

“ಬರೆಯೋದೇನು? ದೋಣಿ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ.”

“ಹೂಂ, ಇವರ ಪಾಲಿಗೆ ಜಡ್ಜೂ ದೋಣಿ ಕಟ್ಟೋರೇ!” ಅತ್ತೆ ಅಡುಗೆಮನೆಯಿಂದಲೇ ಚುಚ್ಚಿದರು.

ಗಡುವು ದಾಟಿ ಇಪ್ಪತ್ತನೆಯ ದಿನ ಮಾವನನ್ನು ಕಟಕಟೆಗೆ ಕರೆದರು.

“ಆದೇಶ ಗೊತ್ತಿತ್ತಾ?” ನ್ಯಾಯಾಧೀಶರು ಕೇಳಿದರು.

“ಗೊತ್ತಿತ್ತು ಸ್ವಾಮಿ.”

“ಮತ್ತೆ ಯಾಕೆ ಸರಿಸಲಿಲ್ಲ?”

“ಸರಿಸೋ ಕೆಲಸಾನೇ ಮಾಡ್ತಿದ್ದೀನಿ.”

ಗೋದಾಮಿನ ವಕೀಲರು ಫೋಟೋ ಮುಂದಿಟ್ಟರು. ದೋಣಿ ಇದ್ದಲ್ಲೇ ಇದೆ, ಹೊಟ್ಟೆ ತುಂಬ ನೀರು. “ಯಾರೂ ಎಳೆಯಬಾರದು ಅಂತಲೇ ಭಾರ ತುಂಬಿಸಿದ್ದಾರೆ,” ಎಂದರು.

ಮಾವ, ನೋಡಿದರೆ ಗೊತ್ತಾಗುತ್ತದೆಂಬಂತೆ, ಆ ಫೋಟೋದತ್ತಲೇ ಕೈ ತೋರಿಸಿದರು. “ಅದು ಹಾಗಲ್ಲ!” ಎಂದು ನಾನು ಎದ್ದೆ, ಪೇದೆ ಗದರಿ ಕೂರಿಸಿದ. ನ್ಯಾಯಾಂಗ ನಿಂದನೆ, ಏಳು ದಿನ ಸೆರೆವಾಸ. ನನ್ನ ಕಂಕುಳಲ್ಲಿದ್ದ ಮಗು ಅಜ್ಜನತ್ತ ಕೈಚಾಚಿ ನಗುತ್ತಿತ್ತು.

ವ್ಯಾನು ಹತ್ತುವಾಗ ಮಾವ ತಿರುಗಿ ಹೇಳಿದ್ದು ಒಂದೇ: “ಒಂದು ಹೊತ್ತೂ ನೀರು ತಪ್ಪಿಸ್ಬೇಡ ಮಗಳೇ. ಒಣಗಿದ್ರೆ ಮತ್ತೆ ಮೊದಲಿಂದ.”

ಈ ಬೆಳಿಗ್ಗೆ ಮಗುವನ್ನು ಅತ್ತೆಯ ಕೈಗಿತ್ತು ಓಣಿಗೆ ಹೋದೆ. ಬಗ್ಗಿ ನೋಡಿದರೆ ಸೋರುವ ಸಂದುಗಳು ಇನ್ನು ಮೂರೇ. ಮೊದಲ ಕೊಡ ಸುರಿಯುತ್ತಿದ್ದಂತೆ ಗೋದಾಮಿನ ಕಿಟಕಿಯಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದರು. ಓಡಿಬಿಡೋಣವೆನಿಸಿತು.

ಖಾಲಿ ಕೊಡ ಹಿಡಿದು ನೀರಿಗೆ ಮತ್ತೆ ಹೊಳೆಯ ಮೆಟ್ಟಿಲಿಳಿದೆ.