ಕೆರೆ ಬತ್ತಿದಾಗ ಎಣಿಸಿದ ಹಕ್ಕಿಗಳು

ಹಿರಿಸೊಸೆ ರಸ್ತೆ ಇಲಾಖೆಯ ಪರಿಸರ ವಿಭಾಗದಲ್ಲಿದ್ದಳು. ಹೊಸ ರಸ್ತೆಯೋ ಸೇತುವೆಯೋ ಬರುವ ಮುಂಚೆ ಅದರಿಂದ ನೀರಿಗೆ, ಗಾಳಿಗೆ, ಸುತ್ತಲಿನ ಜನಕ್ಕೆ ಏನಾಗುತ್ತದೆ ಎಂದು ಸರ್ಕಾರಕ್ಕೆ ವರದಿ ಕೊಡಬೇಕು. ಆ ದಪ್ಪ ದಪ್ಪ ವರದಿಗಳು ಎಷ್ಟೋ ವರ್ಷಗಳಿಂದ ಅವಳ ಮೇಜಿನಿಂದಲೇ ಹೊರಡುತ್ತಿದ್ದವು. ಮನೆಯಲ್ಲೂ ಅವಳ ಮಾತೇ ನಡೆಯುತ್ತಿತ್ತು. ನಲ್ಲಿ ಸೋರಿದರೆ ಗಂಡ ಅವಳನ್ನು ಕರೆಯುತ್ತಿದ್ದ, ಕನ್ನಡಕ ಕಾಣದಿದ್ದರೆ ಅತ್ತೆ ಅವಳನ್ನು ಕರೆಯುತ್ತಿದ್ದರು.

ಮೈದುನನಿಗೆ ಮದುವೆಯಾಗಿ ಕಿರಿಸೊಸೆ ಬಂದಳು. ಪರಿಸರ ವಿಜ್ಞಾನ ಓದಿಕೊಂಡಿದ್ದಳು, ಕೈಯಲ್ಲಿ ಕೆಲಸವಿರಲಿಲ್ಲ. ತನ್ನ ವಿಭಾಗದಲ್ಲಿ ಜಾಗ ಖಾಲಿಯಿದೆ ಎಂದು ಹೇಳಿ ಅರ್ಜಿ ಹಾಕಿಸಿದ್ದು ಹಿರಿಸೊಸೆಯೇ. ಕೆಲಸ ಸಿಕ್ಕಿತು, ಬಸ್ಸಿಗೆ ಜೊತೆಯಾದಳು ಎಂದು ಮೊದಮೊದಲು ಖುಷಿಯೇ ಆಯಿತು. ಆದರೆ ಒಂದು ದಿನ ಟೈಪಿಸ್ಟು ಯಾವುದೋ ಪುಟ ಹಿಡಿದುಕೊಂಡು ಹಿರಿಸೊಸೆಯ ಮೇಜು ದಾಟಿ ಹೋದ. "ಏನು ಬೇಕಿತ್ತು?" ಎಂದು ಕೇಳಿದರೆ, "ಇರಲಿ ಮೇಡಂ, ಚಿಕ್ಕ ಮೇಡಂನೇ ಕೇಳ್ತೀನಿ, ಅವರು ಬೇಗ ಹೇಳ್ತಾರೆ" ಎಂದ. ಅಂದಿನಿಂದ ಅವಳ ಎದೆಯೊಳಗೆ ಮುಳ್ಳೊಂದು ಆಡತೊಡಗಿತು.

ಆ ವರ್ಷವೇ ತರಬೇತಿ ಬಂತು. ಪರಿಣಾಮ ವರದಿ ಬರೆಯುವ ಹೊಸ ಕ್ರಮವನ್ನು ಎಲ್ಲರೂ ಕಲಿಯಲೇಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಕಲಿಸಲು ಬಂದವರು ನಿವೃತ್ತ ಅಧಿಕಾರಿ. ಬಿಳಿ ಹಲಗೆಯ ಮೇಲೆ ಬರೆದದ್ದನ್ನು ಅಂಗೈಯಿಂದಲೇ ಒರೆಸುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಅವರ ಮೂಗಿನ ಮೇಲೂ ನೀಲಿ ಶಾಯಿ ಇರುತ್ತಿತ್ತು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆದರು.

"ವರದಿ ಬರೆಯೋದು ರಸ್ತೆ ಮಾಡೋಕೆ ಒಪ್ಪಿಗೆ ತಗೊಳ್ಳೋಕಲ್ಲ," ಎಂದರು ಮೇಷ್ಟ್ರು. "ಮಾಡಬೇಕೋ ಬೇಡವೋ ಅಂತ ಯೋಚಿಸೋಕೆ. ರಸ್ತೆನೇ ಬೇಡ ಅನ್ನೋದೂ ಒಂದು ದಾರಿ. ಅದನ್ನೂ ನೆಟ್ಟಗೆ ಬರೀಬೇಕು."

ಅಭ್ಯಾಸಕ್ಕೆಂದು ಕೆರೆಯ ಪಕ್ಕದಲ್ಲಿ ಹಾಯುವ ಒಂದು ಕಾಲ್ಪನಿಕ ರಸ್ತೆಯ ಕಡತ ಕೊಟ್ಟು, ಸಾಮಾನ್ಯ ಜನ ಓದುವಂಥ ಸಾರಾಂಶ ಬರೆಯಲು ಹೇಳಿದರು. ಮರುದಿನ ಹೆಸರು ಹೇಳದೆ ಎರಡನ್ನು ಓದಿದರು. ಮೊದಲನೆಯದು ಹೀಗಿತ್ತು: "ಸದರಿ ಉದ್ದೇಶಿತ ಯೋಜನೆಯ ಅನುಷ್ಠಾನದ ಪರ್ಯಂತ ಉದ್ಭವಿಸಬಹುದಾದ ಶಬ್ದಸಂಬಂಧಿತ ಪ್ರತಿಕೂಲ ಪರಿಣಾಮಗಳನ್ನು ಪರಿಶೀಲಿಸಲಾಗಿ..." ವಾಕ್ಯ ಮುಗಿಯುವ ಮುಂಚೆ ಮೇಷ್ಟ್ರಿಗೆ ಉಸಿರು ಕಟ್ಟಿತು. ನೀರು ಕುಡಿದು ಎರಡನೆಯದನ್ನು ತೆಗೆದರು. "ರಸ್ತೆ ಬಂದರೆ ಕೆರೆಯ ಪಕ್ಕದ ಶಾಲೆಯಲ್ಲಿ ಕಿಟಕಿ ಮುಚ್ಚಿಕೊಂಡು ಪಾಠ ಮಾಡಬೇಕಾಗುತ್ತದೆ."

"ಇದು ಬರವಣಿಗೆ," ಎಂದರು.

ತರಗತಿ ನಕ್ಕಿತು. ಹಿರಿಸೊಸೆಯೂ ನಕ್ಕಳು, ಏಕೆಂದರೆ ನಗದಿದ್ದರೆ ಮೊದಲನೆಯದು ಯಾರದೆಂದು ಗೊತ್ತಾಗುತ್ತಿತ್ತು. ಎರಡನೆಯದು ಯಾರದೆಂದು ಯಾರೂ ಹೇಳಬೇಕಿರಲಿಲ್ಲ. ಕಿರಿಸೊಸೆ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಳು. ಆ ವಿನಯ ಕಂಡು ಹಿರಿಸೊಸೆಗೆ ಇನ್ನಷ್ಟು ಉರಿಯಿತು. ಜಂಬ ಪಟ್ಟಿದ್ದರೆ ಬೈದುಕೊಳ್ಳುವುದಕ್ಕಾದರೂ ಆಗುತ್ತಿತ್ತು.

ಕೊನೆಯ ದಿನ ಪೂರ್ತಿ ವರದಿಯನ್ನು ಎಲ್ಲರೆದುರು ಮಂಡಿಸಬೇಕಿತ್ತು. ಹಿಂದಿನ ಸಂಜೆ ಹಿರಿಸೊಸೆ ತರಕಾರಿ ಹೆಚ್ಚುತ್ತಿದ್ದಾಗ ಕಿರಿಸೊಸೆ ತನ್ನ ಹಾಳೆಗಳನ್ನು ತಂದು ಮುಂದಿಟ್ಟಳು.

"ಅಕ್ಕಾ, ಒಂದ್ಸಲ ಕಣ್ಣಾಡಿಸ್ತೀರಾ? ನಿಮಗೆ ಅನುಭವ ಜಾಸ್ತಿ."

ಹಿರಿಸೊಸೆ ಕೈ ಒರೆಸಿಕೊಂಡು ಕೂತಳು. ಮೆಚ್ಚುವುದಕ್ಕಲ್ಲ, ತಪ್ಪು ಸಿಗಲಿ ಎಂದೇ ಓದಿದಳು. ಹಾಗೆ ಓದುವಾಗ ಕಣ್ಣು ಎಷ್ಟು ಚುರುಕಾಗುತ್ತದೆ ಎಂಬುದು ಅವಳಿಗೇ ಆಶ್ಚರ್ಯವಾಯಿತು. ಕೆರೆಯಲ್ಲಿ ಹಕ್ಕಿಗಳು ಕಂಡುಬಂದಿಲ್ಲ, ಆದ್ದರಿಂದ ಹಕ್ಕಿಗಳಿಗೆ ತೊಂದರೆಯಿಲ್ಲ ಎಂದು ಕಿರಿಸೊಸೆ ಬರೆದಿದ್ದಳು. ಹಿರಿಸೊಸೆ ಕಡತದ ಹಿಂದಿನ ಪುಟಗಳನ್ನು ತಿರುವಿದಳು. ಹಕ್ಕಿ ಎಣಿಸಿದ್ದು ಬೇಸಿಗೆಯ ಕೊನೆಯಲ್ಲಿ, ಕೆರೆ ಪೂರ್ತಿ ಬತ್ತಿದ್ದಾಗ. ನೀರೇ ಇಲ್ಲದ ಕಡೆ ಹಕ್ಕಿ ಬಂದು ಏನು ಮಾಡೀತು?

ಅವಳು ಹಾಳೆಗಳನ್ನು ಸರಿಯಾಗಿ ಜೋಡಿಸಿ ವಾಪಸು ಕೊಟ್ಟಳು.

"ಚೆನ್ನಾಗಿದೆ," ಎಂದಳು.

ಮರುದಿನ ಕಿರಿಸೊಸೆ ನಿಂತು ಸರಾಗವಾಗಿ ಮಾತಾಡಿದಳು. ಈಗ ಸಿಕ್ಕಿಬೀಳುತ್ತಾಳೆ, ಈಗ ಸಿಕ್ಕಿಬೀಳುತ್ತಾಳೆ ಎಂದು ಹಿರಿಸೊಸೆ ಕಾದಳು. ಹಕ್ಕಿಯ ಮಾತು ಬಂತು, ಹೋಯಿತು. ಮೇಷ್ಟ್ರು ಗಮನಿಸಲಿಲ್ಲ. ತಲೆಯಾಡಿಸಿ, ಮುಂದಿನ ಪುಟಕ್ಕೆ ಬನ್ನಿ ಎಂದರು. ಮಾತು ಮುಗಿದಾಗ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ವಿಭಾಗದ ಮುಖ್ಯಸ್ಥರು, "ಹೊಳೆ ಸೇತುವೆಯ ವರದಿ ಇವರೇ ಬರೀಲಿ" ಎಂದರು. ಅದು ಅಭ್ಯಾಸದ ವರದಿಯಲ್ಲ, ನಿಜವಾದದ್ದು. ತನಗೇ ಬರುತ್ತದೆ ಎಂದು ಹಿರಿಸೊಸೆ ನಂಬಿಕೊಂಡಿದ್ದ ವರದಿ.

ಅವಳು ಎದ್ದು ನಿಂತಳು. ನ್ಯಾಯಕ್ಕಾಗಿ ಎದ್ದಳು ಎಂದರೆ ಸುಳ್ಳಾದೀತು. ಹೊಟ್ಟೆಯ ಉರಿ ತಾಳಲಾರದೆ ಎದ್ದಳು.

"ಹಕ್ಕಿಗಳನ್ನ ಎಣಿಸಿದಾಗ ಕೆರೆಯಲ್ಲಿ ನೀರಿತ್ತಾ?" ಎಂದು ಕೇಳಿದಳು.

ಎಲ್ಲರೂ ಕಡತ ತಿರುವಿದರು. ಮೇಷ್ಟ್ರು ಕನ್ನಡಕ ಏರಿಸಿ ಓದಿ, "ನಾನೂ ನೋಡಲಿಲ್ಲವಲ್ಲ," ಎಂದರು. ಹಿರಿಸೊಸೆಯನ್ನು ಮನಸಾರೆ ಹೊಗಳಿದರು. ಅವಳು ಎಷ್ಟೋ ದಿನದಿಂದ ಹಸಿದಿದ್ದ ಹೊಗಳಿಕೆ ಅದು. ಆದರೆ ಕಿರಿಸೊಸೆ ಅವಳ ಮುಖವನ್ನೇ ನೋಡುತ್ತಿದ್ದುದರಿಂದ ಒಂದು ತುತ್ತೂ ಒಳಗಿಳಿಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಸೀಟು ಸಿಕ್ಕಿತು.

"ನಿನ್ನೆ ಓದಿದಾಗಲೇ ಗೊತ್ತಿತ್ತಾ ಅಕ್ಕಾ?"

ಹಿರಿಸೊಸೆ ಕಿಟಕಿಯ ಹೊರಗೆ ನೋಡಿದಳು. "ಗೊತ್ತಿತ್ತು."

ಮುಂದೆ ಕೆಲವು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. "ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತಿದ್ದೀರಿ, ನನಗೆ ಟೀವಿ ಸದ್ದಾದರೂ ಕೇಳಿಸ್ತಿದೆ" ಎಂದರು ಅತ್ತೆ. ಗಂಡ ಏನಾಯಿತೆಂದು ಕೇಳಿದ. "ಆಫೀಸಿನ ವಿಷಯ" ಎಂದು ಹಿರಿಸೊಸೆ ಬಾಯಿ ಮುಚ್ಚಿಸಿದಳು. ಕ್ಷಮೆ ಕೇಳಬೇಕು ಎನಿಸುತ್ತಿತ್ತು. ಕೇಳಹೊರಟಾಗಲೆಲ್ಲ ಹೊಳೆ ಸೇತುವೆ ನೆನಪಾಗಿ ಬಾಯಿ ಕಟ್ಟುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಮುಖ್ಯಸ್ಥರು ಹಿರಿಸೊಸೆಯನ್ನು ಕರೆದು, ಕಿರಿಸೊಸೆ ಬರೆಯುತ್ತಿರುವ ಸೇತುವೆಯ ವರದಿಯನ್ನು ಅಧ್ಯಾಯ ಅಧ್ಯಾಯವಾಗಿ ಪರಿಶೀಲಿಸುವ ಕೆಲಸ ನಿಮ್ಮದು ಎಂದು ಹೇಳಿದರು. "ಚಿಕ್ಕ ಮೇಡಂ ನಿಮ್ಮನ್ನೇ ಕೇಳಿದ್ದು," ಎಂದರು.

ಹಿರಿಸೊಸೆ ನೇರ ಕಿರಿಸೊಸೆಯ ಮೇಜಿಗೆ ಹೋದಳು. "ಯಾಕೆ ನನ್ನನ್ನ ಕೇಳಿದೆ?"

ಕಿರಿಸೊಸೆ ತಲೆ ಎತ್ತದೆ ಹೇಳಿದಳು, "ನನ್ನ ತಪ್ಪು ಹುಡುಕೋಕೆ ನಿಮ್ಮಷ್ಟು ಆಸೆ ಇರೋರು ಈ ಆಫೀಸಲ್ಲಿ ಇನ್ಯಾರಿದ್ದಾರೆ?"

ಅದರಲ್ಲಿ ಕೋಪವೂ ಇತ್ತು, ನಿಜವೂ ಇತ್ತು. ಹಿರಿಸೊಸೆ ಮೊದಲ ಅಧ್ಯಾಯ ಎತ್ತಿಕೊಂಡು ಬಂದಳು.

ಆ ವರದಿಯನ್ನು ಅವಳು ಓದಿದ ಹಾಗೆ ಯಾರೂ ಯಾವ ವರದಿಯನ್ನೂ ಓದಿರಲಿಕ್ಕಿಲ್ಲ. ಹೊಳೆಯ ನೀರನ್ನು ಪರೀಕ್ಷಿಸಿದ್ದು ಸೇತುವೆ ಬರುವ ಜಾಗಕ್ಕಿಂತ ಮೇಲ್ಗಡೆಯೋ ಕೆಳಗಡೆಯೋ ಎಂದು ಕೇಳಿದಳು. ಕಡಿದ ಮರಗಳ ಬದಲು ಸಸಿ ನೆಡುತ್ತೇವೆ ಎಂದರೆ, ನೀರು ಹಾಕುವವರು ಯಾರು ಎಂದು ಕೇಳಿದಳು. ಒಳ್ಳೆಯ ವಾಕ್ಯ ಸಿಕ್ಕಿದಾಗ ಮಾತ್ರ ಹೊಟ್ಟೆ ಉರಿದುಕೊಂಡು ಸುಮ್ಮನೆ ಪುಟ ತಿರುಗಿಸುತ್ತಿದ್ದಳು. ಕಿರಿಸೊಸೆ ಹಲ್ಲು ಕಚ್ಚಿಕೊಂಡು ತಿದ್ದುತ್ತಿದ್ದಳು.

ಅಹವಾಲು ಸಭೆಯ ದಿನ ಹೊಳೆದಂಡೆಯ ಜನ ಸಾರಾಂಶ ಓದಿಕೊಂಡೇ ಬಂದಿದ್ದರು. ದೋಣಿ ನಡೆಸುವವನೊಬ್ಬ ಎದ್ದು, "ಈ ಸಲ ಬರೆದಿದ್ದು ಅರ್ಥ ಆಯ್ತು ಸಾರ್. ಅರ್ಥ ಆಗಿದ್ದಕ್ಕೇ ಈ ಜಾಗ ಬೇಡ ಅಂತಿದ್ದೀವಿ" ಎಂದ. ಸಭೆ ಗೊಳ್ಳೆಂದಿತು. ಕೊನೆಗೆ ವರದಿಯಲ್ಲೇ ಹೇಳಿದ್ದ ಇನ್ನೊಂದು ಜಾಗ, ಹೊಳೆಯ ಕೆಳಗಿನ ತಿರುವು, ಒಪ್ಪಿಗೆಯಾಯಿತು. ಮೇಲಿನವರು ಕಿರಿಸೊಸೆಯನ್ನು ಮೆಚ್ಚಿ, ಬೇರೆ ಕಚೇರಿಗಳವರಿಗೆ ತರಬೇತಿ ಕೊಡಲು ಕಳಿಸಿದರು. ಅವಳು ಸೂಟ್‌ಕೇಸು ತುಂಬುವಾಗ ಹಿರಿಸೊಸೆ ಬಟ್ಟೆ ಮಡಿಸಿಕೊಟ್ಟಳು, ಬೇಕಾದ್ದಕ್ಕಿಂತ ತುಸು ಗಟ್ಟಿಯಾಗಿ ಒತ್ತಿ.

ಆದರೆ ಈ ಸಲ ಅವಳು ಒಳಗೊಳಗೇ ಬೇಯುತ್ತ ಕೂರಲಿಲ್ಲ. ಮುಖ್ಯಸ್ಥರ ಕೋಣೆಗೆ ಹೋಗಿ, "ನನ್ನನ್ನೂ ಕಳಿಸಿ" ಎಂದಳು. ಮುಂದಿನ ತಂಡಕ್ಕೆ ಕಳಿಸಿದರು.

ಅಲ್ಲಿ ಅವಳು ಕಲಿಸಿದ್ದು ವರದಿ ಓದುವುದನ್ನು. "ಬರೆದದ್ದನ್ನ ಸ್ನೇಹಿತರಿಗೆ ತೋರಿಸಬೇಡಿ," ಎಂದಳು. "ನಿಮ್ಮನ್ನ ಕಂಡರೆ ಆಗದೋರಿಗೆ ಕೊಡಿ." ತರಗತಿ ಬಿದ್ದು ಬಿದ್ದು ನಕ್ಕಿತು. ಅವಳು ತಮಾಷೆಗೆ ಹೇಳಿರಲಿಲ್ಲ.

ಮನೆಗೆ ಬಂದ ಸಂಜೆ ಇಬ್ಬರೂ ಪಾತ್ರೆ ತೊಳೆಯುತ್ತಿದ್ದರು.

"ಹೇಗಾಯ್ತಕ್ಕಾ ಕ್ಲಾಸು?"

"ಪರವಾಗಿಲ್ಲ. ತುಂಬಾ ನಕ್ಕರು."

ಕಿರಿಸೊಸೆಯ ಕೈ ಒಂದು ಗಳಿಗೆ ನಿಂತಿತು. "ನನ್ನ ಕ್ಲಾಸಲ್ಲಿ ಯಾರೂ ನಗಲಿಲ್ಲ," ಎಂದಳು.

ಆ ದನಿ ಎಂಥದೆಂದು ಹಿರಿಸೊಸೆಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ತೊಳೆದ ತಟ್ಟೆಯನ್ನು ತೆಗೆದುಕೊಂಡು ನಿಧಾನವಾಗಿ, ಬಲು ನೆಮ್ಮದಿಯಿಂದ ಒರೆಸಿದಳು.