ಮೂರು ದಿನದ ಕಡಲು

ಹಳೆಯ ಟೆಂಪೊ ಟ್ರಾವೆಲರಿನ ಸೀಟುಗಳನ್ನು ರಾಯಚೂರಿನ ಗ್ಯಾರೇಜೊಂದರಲ್ಲಿ ಕೀಳಿಸಿ, ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂಡಿಸಿ, ನಮ್ಮ ಯಜಮಾನರು ಅದಕ್ಕೆ ಕ್ಯಾರವಾನ್ ಎಂದು ಹೆಸರಿಟ್ಟಾಗ ನಾನು ಒಂದೇ ಕರಾರು ಹಾಕಿದೆ. ಕಡಲಿರುವ ಊರು ಸಿಕ್ಕ ಮೇಲೆ ಗಾಡಿ ಮೂರು ದಿನ ಅಲ್ಲಾಡಬಾರದು. ನಾನು ನೀರಿನ ಎದುರು ಸುಮ್ಮನೆ ಕೂರಬೇಕು, ಅಷ್ಟೇ.

ದೇವದುರ್ಗದಿಂದ ಮಾನ್ವಿಯ ರೈಸ್ ಮಿಲ್ಲಿನ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿತ್ತು. ಯಾರ ಮದುವೆಗೆ ಹೋದರೂ ಅಕ್ಷತೆ ಬೀಳುವುದೇ ತಡ, ನಮ್ಮ ಜೀಪು ಸ್ಟಾರ್ಟು. ತವರಿಗೆ ಬಂದರೂ ಈ ಮನುಷ್ಯ ಅರ್ಧ ಕಪ್ಪು ಚಹಾ ಕುಡಿದು ಹೊಸ್ತಿಲಾಚೆ ನಿಂತುಬಿಡುತ್ತಿದ್ದರು. ನನ್ನವ್ವ ಸಾಯುವ ತನಕ ನನ್ನನ್ನು ಕಣ್ತುಂಬ ನೋಡಲಿಲ್ಲ. ಆ ಸಂಕಟ ನನ್ನೊಳಗೆ ಇದ್ದೇ ಇತ್ತು.

ಕುಂದಾಪುರದ ಆಚೆ ಒಂದು ಹಳೆಯ ಬಂದರು ಊರಿಗೆ ತಲುಪಿದೆವು. ಹಿಂದೆ ಅಲ್ಲಿಂದ ಹಡಗುಗಳಲ್ಲಿ ಅಕ್ಕಿ ಹೋಗುತ್ತಿತ್ತಂತೆ. ಕಲ್ಲಿನ ಕಟ್ಟೆ, ಪಾಚಿ ಹಿಡಿದ ಗೋಡೆ, ಹಳೆಯ ಗುಡಿ ಎಲ್ಲವನ್ನೂ ಇವರು ಮುಕ್ಕಾಲು ಗಂಟೆಯಲ್ಲಿ ಮುಗಿಸಿದರು. ಮರುದಿನ ಬೆಳಿಗ್ಗೆ ಡ್ರೈವರ್ ಸೀಟಿನಲ್ಲೇ ಕೂತು ಲಿಂಗಪೂಜೆ ಮಾಡಿಕೊಂಡರು. ವಿಭೂತಿ ಒಣಗುವ ಮೊದಲೇ ಕೆಳಗಿಳಿದು ಟೈರು ಒದ್ದು ನೋಡತೊಡಗಿದರು.

"ಎಲ್ಲಾ ನೋಡಿದ್ವಲ್ಲ. ಇನ್ನೇನದ ಇಲ್ಲಿ?"

"ಕರಾರು ನೆನಪೈತಿಲ್ರೀ? ಇವತ್ತಿನ್ನೂ ಮೊದಲನೇ ದಿನ," ಎಂದೆ.

ಮುಖ ಗಂಟು ಹಾಕಿಕೊಂಡು ಹಿಂದಿನ ಓಣಿಯ ಕಡೆ ನಡೆದರು. ಹತ್ತು ನಿಮಿಷಕ್ಕೆ ಹೆಂಗಸೊಬ್ಬರ ಕೂಗು ಕೇಳಿ ನಾನು ಓಡಿದೆ.

ಒಂದು ಮನೆಯ ಅಂಗಳದಲ್ಲಿ ಚಾಪೆಯ ಮೇಲೆ ಹೊಸ ಭತ್ತ ಹರಡಿತ್ತು. ಅದರ ನಟ್ಟನಡುವೆ ನಮ್ಮ ಯಜಮಾನರು. ನಮ್ಮ ಮಿಲ್ಲಿನ ಕಟ್ಟೆಯ ಮೇಲೆ ಭತ್ತ ಒಣಗಿಸುವಾಗ ಬರಿಗಾಲಲ್ಲಿ ಸಾಲು ಎಳೆಯುತ್ತ ತಿರುವುತ್ತಾರೆ. ಇವರು ಹಾದಿಯಲ್ಲಿ ಹೋಗುತ್ತ ಒಂದು ಕಾಳು ಹಲ್ಲಿಗೆ ಹಾಕಿ ಕಚ್ಚಿದ್ದಾರೆ, ಹಸಿ ಅನ್ನಿಸಿದೆ, ಚಪ್ಪಲಿ ಬಿಟ್ಟು ಇಳಿದೇ ಬಿಟ್ಟಿದ್ದಾರೆ. ಯಾರನ್ನೂ ಕೇಳಿಲ್ಲ.

"ಎಂಥ ಮಾರಾಯ್ರೆ, ದೇವರಿಗೆ ಇಡೂ ಭತ್ತ ಮೆಟ್ಟೂದಾ?" ಎಂದು ಆ ಮನೆಯ ಮುದುಕಿ ಕೂಗುತ್ತಿದ್ದರು.

ವರ್ಷದ ಮೊದಲ ಅನ್ನಕ್ಕೆಂದು, ನೈವೇದ್ಯವಾಗುವ ತನಕ ಮನೆಯವರೂ ಬಾಯಿಗೆ ಹಾಕದೆ ಕಾದಿಟ್ಟ ಭತ್ತವಂತೆ. ಇವರು ಅದನ್ನು ಕಚ್ಚಿ ಎಂಜಲೂ ಮಾಡಿದ್ದರು, ತುಳಿದೂ ಇದ್ದರು.

"ತಪ್ಪಾತ್ರಿ ಯವ್ವಾ. ನಮ್ಮ ಕಡಿ ನೆಲ್ಲು ಕಾಲಾಗೇ ತಿರುವತೀವ್ರಿ. ನಮ್ಮ ಮಿಲ್ಲಿಂದ ಎರಡು ಚೀಲ ತರಸತೀನ್ರಿ," ಎಂದರು ಇವರು.

"ಯಾರದ್ದೋ ಭತ್ತ ಆತ್ತಿಲ್ಲ. ನಮ್ಮ ಗದ್ದೆದೇ ಆಯ್ಕ್."

ದೇವರಿಗೆ ಅವರದೇ ಗದ್ದೆಯ ಭತ್ತ ಆಗಬೇಕಂತೆ. ಗದ್ದೆಯ ಮೂಲೆಯಲ್ಲಿ ಕೊಯ್ಯದ ಒಂದಿಷ್ಟು ಪೈರು ಉಳಿದಿತ್ತು. ಕೊಯ್ದು, ಬಡಿದು, ಒಣಗಿಸಲು ಎರಡು ದಿನ ಬೇಕು. ಯಾರೂ ಹೇಳದಿದ್ದರೂ ನಮ್ಮ ಯಜಮಾನರು ಪಂಚೆ ಮೇಲೆ ಕಟ್ಟಿ ಕುಡುಗೋಲು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಆ ಅಂಗಳದ ಕಟ್ಟೆಯ ಮೇಲೆ ಕೋಲು ಹಿಡಿದು, ಹೊಸದಾಗಿ ಹರಡಿದ ಭತ್ತಕ್ಕೆ ಕಾಗೆ ಬಾರದಂತೆ ಕಾಯುತ್ತ ಕೂತಿದ್ದರು. ಮಿಲ್ಲಿನಿಂದ ಫೋನು ಬಂದರೆ "ಆಮ್ಯಾಗ" ಎಂದು ಇಟ್ಟುಬಿಡುತ್ತಿದ್ದರು. ನಗುವೋ ಅಳುವೋ ತಿಳಿಯಲಿಲ್ಲ. ಆದರೆ ನನ್ನ ಮೂರು ದಿನ ನನಗೆ ಸಿಕ್ಕಿತ್ತು.

ಸಿಕ್ಕಿತ್ತು ಎಂದುಕೊಂಡೇ ದಂಡೆಗೆ ಹೋದೆ. ಬಂದರಿನ ಹಳೆಯ ಕಲ್ಲಿನ ಮೇಲೆ ಕೂತೆ. ನೀರು ಬಂತು, ಹೋಯಿತು. ಒಲೆಯ ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎನ್ನಿಸಿತು. ಎದ್ದು ಹೋಗಿ ನೋಡಿ ಬಂದೆ. ಮತ್ತೆ ಕೂತೆ. ಒಗೆದು ಹಾಕಿದ ಸೀರೆ ಗಾಳಿಗೆ ಹಾರಿತೇನೋ. ಮತ್ತೆ ಎದ್ದೆ. ಇವರು ಬಿಸಿಲಲ್ಲಿದ್ದಾರೆ, ಮಜ್ಜಿಗೆ ಕೊಡಬೇಕು. ಹಾಗೆ ಅಂಗಳಕ್ಕೂ ಗಾಡಿಗೂ ಕಲ್ಲಿಗೂ ಎಷ್ಟು ಸಲ ಓಡಾಡಿದೆನೋ. ಮರುದಿನವೂ ಅದೇ ಕತೆ. ಹಠ ಹಿಡಿದು ಕೂತರೆ ಯಾರೋ ಹಿಂದಿನಿಂದ ಕರೆದಂತಾಗಿ ತಿರುಗಿ ನೋಡುತ್ತಿದ್ದೆ. ಒಂದು ನರಪಿಳ್ಳೆಯೂ ಇರಲಿಲ್ಲ.

ಮೂರನೇ ದಿನ ಆ ಮುದುಕಿ ಹೊಸ ಅಕ್ಕಿಯ ಅನ್ನ ದೇವರಿಗಿಟ್ಟು ನಮ್ಮಿಬ್ಬರಿಗೂ ಬಾಳೆಎಲೆ ಹಾಕಿದರು. ಅಷ್ಟರಲ್ಲಿ ಅವರ ಸಿಟ್ಟು ಇಳಿದಿತ್ತು. ಉಂಡು ಹೊರಗೆ ಬಂದ ನಮ್ಮ ಯಜಮಾನರು ಕಟ್ಟೆಯ ಮೇಲೆ ಕಾಲು ಚಾಚಿ ಕೂತರು. ಅಷ್ಟು ನಿರಾಳವಾಗಿ ಅವರು ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಹೊಟ್ಟೆಕಿಚ್ಚಾಯಿತು.

"ಇನ್ನೆರಡು ದಿನ ಇರೂಣೇನು? ನೀ ಕಡಲ ಮುಂದ ಕುಂತದ್ದು ನಾ ನೋಡೇ ಇಲ್ಲ," ಎಂದರು.

ಮೂವತ್ತು ವರ್ಷ ಅವರನ್ನೇ ಬೈದಿದ್ದೆ. ಈಗ ಬೈಯಲು ಯಾರೂ ಉಳಿದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಬಂತು.

"ಬ್ಯಾಡ್ರಿ," ಎಂದೆ. "ನನಗ ಸುಮ್ನ ಕೂಡಾಕ ಬರಂಗಿಲ್ಲ."