ಹಗಲು ದೀಪದ ಮಸಿ

ನಡುಮಧ್ಯಾಹ್ನ ದೀಪ ಹಚ್ಚುವ ಹೆಂಗಸನ್ನು ನಾನು ಮೊದಲು ಕಂಡದ್ದು ಮೂಡಬಿದ್ರೆಯಲ್ಲಿ, ಐವತ್ತರ ದಶಕದ ಕೊನೆಯ ಹೊತ್ತಿಗೆ. ಅಲ್ಲಿನ ಶಾಲೆಗೆ ಟೀಚರಾಗಿ ಬಂದವಳು ಪದ್ಮಕ್ಕನ ಮನೆಯ ಚಾವಡಿ ಪಕ್ಕದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಈಕೆ ನೋಡಿದರೆ ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಮಣ್ಣಿನ ತಟ್ಟೆ ಕವುಚಿ, ಪಕ್ಕದಲ್ಲಿ ಕಾವಲು ಕೂತಿದ್ದಾರೆ. ಸಂಜೆಯಾದದ್ದೇ ತಡ, ಮನೆಯಿಡೀ ಕತ್ತಲು. ಇದೆಂಥ ಮನೆಯಪ್ಪ ಎಂದು ಬಂಟ್ವಾಳಕ್ಕೆ ಹೋದಾಗ ಅಮ್ಮನಲ್ಲಿ ಹೇಳಿ ನಕ್ಕಿದ್ದೆ.

ಪದ್ಮಕ್ಕ ಜೈನರು. ರಾತ್ರಿ ದೀಪ ಹಚ್ಚಿದರೆ ಹುಳಗಳು ಬಂದು ಬಿದ್ದು ಸಾಯುತ್ತವೆ ಎಂದು ಮಸಿಗೆ ಬೇಕಾದ ಕಾಡಿಗೆಯನ್ನು ಹಗಲಲ್ಲೇ ಹಿಡಿಯುತ್ತಿದ್ದರು. "ಹುಳ ಸುಟ್ಟ ಕಾಡಿಗೆಯಲ್ಲಿ ಶಾಸ್ತ್ರ ಬರೀಲಿಕ್ಕೆ ಆಗ್ತದಾ ಟೀಚರೇ?" ಎಂದು ನನ್ನನ್ನೇ ಕೇಳಿದ್ದರು. ಗಂಡ ತೀರಿಕೊಂಡ ಮೇಲೆ ಅವರು ಒಂದು ನೋಂಪಿ ಹಿಡಿದಿದ್ದರು. ಆ ವ್ರತ ಪೂರೈಸಬೇಕಾದರೆ ಶಾಸ್ತ್ರದ ಪುಸ್ತಕವೊಂದನ್ನು ಪ್ರತಿ ಮಾಡಿ ಬಸದಿಗೆ ಕೊಡಬೇಕು. ಹಿಂದಿನವರು ಬರೆಯುವವರನ್ನು ಕರೆಸಿ ಬರೆಸುತ್ತಿದ್ದರಂತೆ. ಪದ್ಮಕ್ಕ ಮಾತ್ರ ತಂದೆಯಿಂದ ಕಲಿತ ಬರವಣಿಗೆಯಲ್ಲಿ ತಾನೇ ಬರೆದು ಮುಗಿಸುವುದೆಂದು ಹಟ ಹಿಡಿದಿದ್ದರು.

ಆ ಮಸಿಯೇ ಒಂದು ಪುರಾಣ. ಮರದಡಿಯಲ್ಲಿ ಬಿದ್ದ ಅಳಲೆಕಾಯಿಯನ್ನು ಜಜ್ಜಿ ಕಷಾಯ ಮಾಡುವುದು, ಗೇರುಮರ ತಾನಾಗಿ ಒಸರಿದ ಅಂಟನ್ನು ನೆನೆಹಾಕುವುದು, ಕಾಡಿಗೆಗೆ ಎರಡನ್ನೂ ಸೇರಿಸಿ ಕೈ ಸೋಲುವಷ್ಟು ಅರೆಯುವುದು, ಬಟ್ಟೆಯಲ್ಲಿ ಸೋಸುವುದು. ಅಂಟಿಗಾಗಿ ಮರಕ್ಕೆ ಕತ್ತಿ ಹಾಕುವಂತಿಲ್ಲ. ಲೇಖನಿಗೆ ನವಿಲು ತಾನೇ ಉದುರಿಸಿದ ಗರಿಯೇ ಆಗಬೇಕು. ಅದರ ಬುಡವನ್ನು ಬಿಸಿ ಮರಳಿನಲ್ಲಿ ಹೂತು ಗಟ್ಟಿ ಮಾಡಿ, ಓರೆಯಾಗಿ ಕೊಯ್ದು, ತುದಿಯಲ್ಲಿ ಸಣ್ಣ ಸೀಳು ಹಾಕುತ್ತಿದ್ದರು. ಹೊಸ ಲೇಖನಿಯನ್ನು ಪರೀಕ್ಷಿಸಲು ಶಾಸ್ತ್ರದ ಮಾತನ್ನು ರದ್ದಿ ಕಾಗದದ ಮೇಲೆ ಬರೆಯಬಾರದಲ್ಲ, ಅದಕ್ಕೆ ಅವತ್ತಿನ ಅಡುಗೆಯ ಹೆಸರು ಬರೆಯುತ್ತಿದ್ದರು. 'ಸೌತೆಕಾಯಿ ಹುಳಿ' ಎಂದು ಮುತ್ತಿನಂಥ ಅಕ್ಷರದಲ್ಲಿ ಓದಿಕೊಂಡೇ ನಾನು ಊಟಕ್ಕೆ ಕೂರುತ್ತಿದ್ದೆ.

ಅವರ ಕಷ್ಟ ನೋಡಲಾರದೆ ಅಂಗಡಿಯ ಶಾಯಿ ಬಾಟಲಿ ತಂದುಕೊಟ್ಟೆ. ಮುಚ್ಚಳ ತೆಗೆದು ಮೂಸಿದರು.

"ಇದರಲ್ಲಿ ಎಂತೆಲ್ಲ ಉಂಟು ಟೀಚರೇ?"

"ನನಗೇನು ಗೊತ್ತು ಪದ್ಮಕ್ಕ?"

"ನನಗೂ ಗೊತ್ತಿಲ್ಲ. ಹಾಗಾದ್ರೆ ಬೇಡ." ಬಾಟಲಿ ನನ್ನ ಕೈಗೇ ವಾಪಸು ಬಂತು.

ಒಂದು ದಿನ ಅವರು ಮಸಿಕುಡಿಕೆಗೆ ಲೇಖನಿ ಅದ್ದುವಾಗ ಅದರಲ್ಲಿ ಇರುವೆಯೊಂದು ಸತ್ತು ತೇಲುತ್ತಿರುವುದು ನನಗೆ ಕಾಣಿಸಿತು. ಹೇಳಿದೆ. ಅಷ್ಟೂ ಮಸಿಯನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಅವತ್ತಿಡೀ ಉಪವಾಸ ಕೂತರು. ನನಗೆ ಸಿಟ್ಟು ಬಂತು. "ಒಂದು ಇರುವೆಗೆ ಇಷ್ಟೆಲ್ಲ ಯಾಕೆ?" ಎಂದೆ.

"ಹೊಟ್ಟೆಗೆ ಬಿಸಿ ತಾಗಬೇಕು ಟೀಚರೇ. ಇಲ್ಲದಿದ್ರೆ ನಾಳೆಯೂ ಮುಚ್ಚಳ ಮರೆತುಹೋಗ್ತದೆ," ಎಂದವರು ಬರಿದಾದ ಕುಡಿಕೆಗೆ ಮುಚ್ಚಳ ಹಾಕುತ್ತ ಮೆಲ್ಲನೆ ಹೇಳಿದರು, "ಇರುವೆ ನನಗೆ ಕಾಣಲೇ ಇಲ್ಲ."

ಕಣ್ಣು ಮಂಜಾಗಿ ತಿಂಗಳುಗಳೇ ಆಗಿದ್ದವು, ಹೇಳಿರಲಿಲ್ಲ. ಮಂಗಳೂರಿನ ಡಾಕ್ಟರು ಇದು ಪೊರೆಯಲ್ಲ, ನರದ ತೊಂದರೆ, ಮಾಡುವಂಥದ್ದು ಏನೂ ಇಲ್ಲ ಎಂದರು. ಪುಸ್ತಕವಿನ್ನೂ ಅರ್ಧ ಬಾಕಿ. ಮಳೆಗಾಲದ ಹಗಲಿನಲ್ಲಿ ಬೆಳಕೇ ಕಮ್ಮಿ. ರಾತ್ರಿ ದೀಪ ಇಟ್ಟು ಬೇಗ ಮುಗಿಸಿಬಿಡಿ ಎಂದೆ. ಎದ್ದು ಒಳಗೆ ಹೋದರು. ಉಳಿದದ್ದನ್ನು ನಾನು ಬರೆದುಕೊಡುತ್ತೇನೆ ಎಂದೆ. "ನೋಂಪಿ ನಿಮ್ಮದಾ?" ಎಂದರು. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಪದ್ಮಕ್ಕನ ಪುಸ್ತಕ ಅರ್ಧದಲ್ಲೇ ಉಳಿಯಿತಲ್ಲ ಎಂಬ ಸಂಕಟ ಬಿಡಲಿಲ್ಲ. ಬೇಸಗೆ ರಜೆ ಸಿಕ್ಕಿದ್ದೇ ಬಸ್ಸು ಹತ್ತಿದೆ. ಹೋಗಿ ನೋಡುತ್ತೇನೆ, ಚಾವಡಿಯಲ್ಲಿ ಕೂತು ತಂದೆಯ ಕಾಲದಲ್ಲಿ ಬರೆಯದೆ ಉಳಿದಿದ್ದ ತಾಳೆಯೋಲೆಯ ಮೇಲೆ ಕಂಠದಿಂದ, ಅಂದರೆ ಕಬ್ಬಿಣದ ಮೊನೆಯಿಂದ, ಕೊರೆಯುತ್ತಿದ್ದಾರೆ. ಪಾಠವೆಲ್ಲ ಅವರಿಗೆ ಬಾಯಿಗೇ ಬರುತ್ತಿತ್ತು.

"ಕಾಗದಕ್ಕೆ ಕಣ್ಣು ಬೇಕು ಟೀಚರೇ. ಓಲೆಗೆ ಬೆರಳು ಸಾಕು," ಎಂದು ನಕ್ಕರು.

ಓಲೆಯಲ್ಲಿ ಕೊರೆದಾಗ ಅಕ್ಷರ ಯಾರಿಗೂ ಸರಿಯಾಗಿ ಕಾಣುವುದಿಲ್ಲ. ಸೊಪ್ಪಿನ ರಸದಲ್ಲಿ ಕಲಸಿದ ಕಾಡಿಗೆ ಸವರಿ ಒರೆಸಿದ ಮೇಲೆಯೇ ಕಪ್ಪಾಗಿ ಎದ್ದು ಬರುವುದು. ಅರ್ಧ ಕಾಗದ, ಅರ್ಧ ಓಲೆ. ಇಂಥ ಪುಸ್ತಕವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸದಿಯವರು ಒಪ್ಪಿದ್ದರು.

ಅಂದು ಕೊನೆಯ ಓಲೆ. ಸವರುವ ಕೆಲಸ ನನ್ನದಾಯಿತು. ಒರೆಸಿ ನೋಡಿದೆ. ಕಡೆಯ ಎರಡು ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು.

"ಎದ್ದಿತಾ?" ಎಂದು ಕೇಳಿದರು.

"ಎದ್ದಿತು ಪದ್ಮಕ್ಕ."

"ಓದಲಿಕ್ಕೆ ಆಗ್ತದಾ?"

"ಆಗ್ತದೆ."

ಕೈ ಚಾಚಿ ಓಲೆ ಇಸಕೊಂಡರು. ಉಗುರಿನ ತುದಿಯಿಂದ ಸಾಲಿನುದ್ದಕ್ಕೂ ಸವರಿದರು. ಬೈಯುತ್ತಾರೆಂದುಕೊಂಡೆ. "ಹೊತ್ತು ಎಷ್ಟುಂಟು?" ಎಂದರು.

"ಬಿಸಿಲು ಇನ್ನೂ ಅಂಗಳದಲ್ಲಿ ಉಂಟು."

"ಹಾಗಾದ್ರೆ ಇನ್ನೊಂದು ಓಲೆ ತೆಗೀರಿ."

ಸಾಲಿನ ಕೆಳಗೆ ನಾನೊಂದು ತೆಂಗಿನ ಕಡ್ಡಿ ಹಿಡಿದೆ. ಅದರ ಅಂಚಿಗೆ ಬೆರಳು ತಾಗಿಸಿಕೊಂಡು ಅವರು ಕೊರೆಯುತ್ತ ಹೋದರು. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಸೂರ್ಯ ಮುಳುಗುವ ಮೊದಲೇ ಕಾಡಿಗೆ ಸವರಿ ಒರೆಸಿದೆ. ಪ್ರತಿ ಸಾಲೂ ತನ್ನ ಜಾಗದಲ್ಲಿತ್ತು. ಕಡೆಯ ಎರಡು ಸಾಲನ್ನು ಗಟ್ಟಿಯಾಗಿ ಓದಿ ಹೇಳಿದೆ. ಈ ಸಲ ಪದ್ಮಕ್ಕ ಉಗುರು ತಾಗಿಸಿ ನೋಡಲಿಲ್ಲ. ಕಾಡಿಗೆ ಮೆತ್ತಿದ ನನ್ನ ಕೈಯನ್ನೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು.

ಮರುದಿನ ಹೊರಡುವಾಗ ಹಾಳಾದ ಓಲೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು. "ಇದು ನಿಮಗೆ ಟೀಚರೇ. ಓದಲಿಕ್ಕೆ ಆಗ್ತದೆ ಅಂದಿರಲ್ಲ."

ಮುಖದಲ್ಲಿ ತುಂಟ ನಗು. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು; ಅಮ್ಮನನ್ನು ನೋಡಲು ಹೋಗಿದ್ದ ನಾನು ನೇತ್ರಾವತಿ ಉಕ್ಕಿ ಬಂಟ್ವಾಳದಲ್ಲೇ ಸಿಕ್ಕಿಬಿದ್ದು ಹೋಗಲಾಗಲಿಲ್ಲ. ಪುಸ್ತಕ ಬಸದಿಯಲ್ಲಿದೆ. ಆ ಓಲೆ ನನ್ನ ಪೆಟ್ಟಿಗೆಯಲ್ಲಿದೆ. ಅವರ ನೆನಪಾದಾಗ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಇವತ್ತಿನವರೆಗೂ ಓದಲು ಆಗಿಲ್ಲ.